ಓಟಿಪಿಗೆ ತೆಗೆದ ಫೋನು ರೀಲ್ಸ್‌ನಲ್ಲಿ ಮುಗಿಯುತ್ತಿದೆಯೇ? ಹೀಗೆ ಮಾಡಿ ನೋಡಿ

ಸ್ಮಾರ್ಟ್‌ಫೋನು ಅಗತ್ಯವೋ ಚಟವೋ ಅಂತ ಮನೆಯಲ್ಲಿ ಮಾತು ಶುರುವಾದರೆ ಅದು ಮುಗಿಯುವುದೇ ಇಲ್ಲ. ಅಪ್ಪ "ಯಾವಾಗ ನೋಡಿದರೂ ಅದೇ ಫೋನು" ಅನ್ನುತ್ತಾರೆ. ಮಗ "ನೋಟ್ಸ್ ಬರುವುದೇ ಅದರಲ್ಲಿ" ಅನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ತೊಂದರೆ ಏನೆಂದರೆ ಬೇಕಾದದ್ದೂ ಬೇಡವಾದದ್ದೂ ಒಂದೇ ಪರದೆಯ ಮೇಲೆ ಅಕ್ಕಪಕ್ಕ ಕೂತಿವೆ. ಬ್ಯಾಂಕಿನ ಓಟಿಪಿ ನೋಡಲು ಫೋನು ತೆಗೆಯುತ್ತೀರಿ, ಮೇಲ್ಗಡೆ ಯಾರೋ ಏನೋ ಹಾಕಿದ್ದಾರೆ ಅಂತ ನೋಟಿಫಿಕೇಶನ್ ಕಾಣುತ್ತದೆ, ಸುಮ್ನೆ ಒಂದು ಸಲ ಒತ್ತುತ್ತೀರಿ, ಅಲ್ಲಿಂದ ಒಂದು ವಿಡಿಯೋ, ಅದರಿಂದ ಇನ್ನೊಂದು, ಕೊನೆಗೆ ನೆನಪಾಗಿ ವಾಪಸ್ ಬರುವ ಹೊತ್ತಿಗೆ ಆ ಓಟಿಪಿಯ ಆಯಸ್ಸು ಮುಗಿದಿರುತ್ತದೆ. ಉಪ್ಪು ತರಲು ಪೇಟೆಗೆ ಹೋದವರು ಜಾತ್ರೆ ಸುತ್ತಿ ಬರಿಗೈಲಿ ಮನೆಗೆ ಬಂದ ಹಾಗೆ.

ಹಾಗಾಗಿ "ನನಗೆ ಫೋನಿನ ಚಟ ಇದೆಯಾ" ಅಂತ ಕೇಳಿಕೊಳ್ಳುವುದೇ ದಂಡ. ಅದಕ್ಕೆ ಉತ್ತರ ಸಿಗುವುದಿಲ್ಲ. ಕೇಳಬೇಕಾದದ್ದು ಒಂದೊಂದು ಸಲ ಫೋನು ಕೈಗೆತ್ತಿಕೊಂಡಾಗಲೂ ಯಾಕೆ ಎತ್ತಿಕೊಂಡಿರಿ, ಯಾವಾಗ ಕೆಳಗಿಟ್ಟಿರಿ ಅನ್ನುವುದು. ಕೆಳಗೆ ಹೇಳುವುದೆಲ್ಲ ಆ ಒಂದು ಪ್ರಶ್ನೆಯ ಮೇಲೇ ನಿಂತಿದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. "ಫೋನೇ ಬಿಟ್ಟುಬಿಡಿ, ಹಳೆ ಕಾಲ ಎಷ್ಟು ಚೆನ್ನಾಗಿತ್ತು" ಅನ್ನುವ ಉಪದೇಶ ಇಲ್ಲಿ ಇಲ್ಲ. ಊಟ ತಂದುಕೊಡುವ ಹುಡುಗನ ಸಂಪಾದನೆ ನಿಂತಿರುವುದೇ ಫೋನಿನ ಮೇಲೆ. ರೈತರು ತಮ್ಮ ಬೆಳೆಯ ವಿವರವನ್ನು ತಾವೇ ಫೋಟೋ ತೆಗೆದು ಆ್ಯಪ್‌ನಲ್ಲಿ ಹಾಕುವ ಬೆಳೆ ಸಮೀಕ್ಷೆ ನಮ್ಮ ರಾಜ್ಯದಲ್ಲಿದೆ. ನಿಂತ ಜಾಗದ ಸರ್ವೆ ನಂಬರ್ ನೋಡಲು ದಿಶಾಂಕ್ ಆ್ಯಪ್ ಇದೆ. 2020ರಲ್ಲಿ ಶಾಲೆ ಮುಚ್ಚಿದಾಗ ಮಲೆನಾಡಿನ ಮಕ್ಕಳು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಪಾಠ ಕೇಳಿದರು. ಅವರಿಗೆ ಹೋಗಿ ಇದು ಚಟ ಅಂತ ಹೇಳಲು ಆಗುತ್ತದಾ? ಅಗತ್ಯ ಅನ್ನುವುದು ನಿಜವಾಗಿಯೂ ಇದೆ. ಅದರ ಹೆಸರು ಹೇಳಿಕೊಂಡು ಬೇರೆ ಏನು ಒಳಗೆ ಬರುತ್ತಿದೆ ಅನ್ನುವುದನ್ನು ಹಿಡಿಯಬೇಕು, ಅಷ್ಟೇ.

ಮೊದಲು: ಒಂದು ದಿನ ಚೀಟಿ ಬರೆಯಿರಿ

ರಜಾದಿನ ಬೇಡ, ಮಾಮೂಲಿ ಕೆಲಸದ ದಿನ ಆರಿಸಿಕೊಳ್ಳಿ. ಜೇಬಿನಲ್ಲಿ ಒಂದು ಕಾಗದ, ಪೆನ್ನು. ಫೋನಿನ ನೋಟ್ಸ್ ಆ್ಯಪ್‌ನಲ್ಲಿ ಬರೆಯುತ್ತೇನೆ ಅನ್ನಬೇಡಿ, ಬರೆಯಲು ಹೋಗಿ ಅಲ್ಲೇ ಉಳಿದುಬಿಡುತ್ತೀರಿ. ಫೋನಿನ ಲಾಕ್ ತೆಗೆದಾಗಲೆಲ್ಲ ಮೂರು ವಿಷಯ ಗುರುತು ಹಾಕಿ.

ಒಂದು, ಯಾರು ಕರೆದದ್ದು? ಕೆಲಸ ಬಂದು ನೀವು ಫೋನು ತೆಗೆದಿರಾ, ಫೋನು ಸದ್ದು ಮಾಡಿ ನಿಮ್ಮನ್ನು ಕರೆಯಿತಾ, ಅಥವಾ ಎರಡೂ ಇಲ್ಲದೆ ಕೈ ತಾನಾಗಿ ಹೋಯಿತಾ? ಎರಡು, ಈಗ ತೆಗೆಯದೆ ಇದ್ದಿದ್ದರೆ ಏನು ನಿಲ್ಲುತ್ತಿತ್ತು? ದುಡ್ಡು ಕೊಡುವುದು ನಿಲ್ಲುತ್ತಿತ್ತು, ಬಸ್ಸು ತಪ್ಪುತ್ತಿತ್ತು ಅನ್ನುವ ಹಾಗಿದ್ದರೆ ಬರೆಯಿರಿ. ಏನೂ ಇಲ್ಲ ಅಂದರೆ ಒಂದು ಗೀಟು ಸಾಕು. ಮೂರು, ಕೆಲಸ ಮುಗಿದ ಕೂಡಲೇ ಕೆಳಗಿಟ್ಟಿರಾ?

ಈ ಮೂರನೆಯದೇ ಮುಖ್ಯ. ಹೆಚ್ಚಿನವರಿಗೆ ಚೀಟಿಯಲ್ಲಿ ಕಾಣುವುದು ಇಷ್ಟು: ತೆಗೆದದ್ದು ಕೆಲಸಕ್ಕೆ, ಇಟ್ಟದ್ದು ಕೆಲಸ ಮುಗಿದು ಎಷ್ಟೋ ಹೊತ್ತಾದ ಮೇಲೆ. ಇಂಥದ್ದನ್ನು ಅಗತ್ಯದ ಲೆಕ್ಕಕ್ಕೂ ಪೂರ್ತಿ ಹಾಕಬೇಡಿ, ಚಟದ ಲೆಕ್ಕಕ್ಕೂ ಹಾಕಬೇಡಿ. "ಬಾಲ" ಅಂತ ಬೇರೆ ಗುರುತು ಹಾಕಿ. ನಾವು ಕತ್ತರಿಸಬೇಕಾದದ್ದು ಈ ಬಾಲವನ್ನು.

ಅಂದ ಹಾಗೆ, ಸಂಜೆ ಕೆಲಸವೆಲ್ಲ ಮುಗಿಸಿ, ಈಗ ಅರ್ಧ ಗಂಟೆ ಯಕ್ಷಗಾನದ ವಿಡಿಯೋ ನೋಡುತ್ತೇನೆ ಅಂತ ಕೂತು, ನೋಡಿ, ಎದ್ದರೆ ಅದು ಚಟವಲ್ಲ. ಮನರಂಜನೆಯೂ ಬೇಕು ತಾನೇ. ಅದಕ್ಕೆ ಗೀಟು ಹಾಕಿ ಪಾಪಪ್ರಜ್ಞೆ ಪಡಬೇಡಿ.

ಎರಡನೆಯದು: ಫೋನು ಬರೆದಿಟ್ಟ ಲೆಕ್ಕ ನೋಡಿ

ನಿಮ್ಮ ಚೀಟಿಯಲ್ಲಿ ಕೆಲವು ಬಿಟ್ಟುಹೋಗಿರುತ್ತವೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಡಿಜಿಟಲ್ ವೆಲ್‌ಬೀಯಿಂಗ್ ಅಂತ ಇರುತ್ತದೆ. ಐಫೋನಿನಲ್ಲಿ ಸ್ಕ್ರೀನ್ ಟೈಮ್. ಎರಡೂ 2018ರಿಂದ ಇವೆ, ಆದರೂ ತೆರೆದು ನೋಡಿದವರು ಕಡಿಮೆ.

ಎಲ್ಲರೂ ಮೊದಲು ನೋಡುವುದು ಒಟ್ಟು ಎಷ್ಟು ಗಂಟೆ ಅಂತ. ಆ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ. ಮ್ಯಾಪ್ ಹಾಕಿಕೊಂಡು ದಿನವಿಡೀ ಗಾಡಿ ಓಡಿಸುವವರಿಗೆ ಹತ್ತು ಗಂಟೆ ತೋರಿಸಬಹುದು. ಬರೀ ಎರಡು ಗಂಟೆ ತೋರಿಸಿದರೂ ಅದು ಓದುವ ಹುಡುಗಿಯ ಪರೀಕ್ಷೆಯ ಹಿಂದಿನ ರಾತ್ರಿಯ ಎರಡು ಗಂಟೆ ಆಗಿರಬಹುದು. ನೀವು ನೋಡಬೇಕಾದದ್ದು ದಿನಕ್ಕೆ ಎಷ್ಟು ಸಲ ಲಾಕ್ ತೆಗೆದಿದ್ದೀರಿ, ಯಾವ ಆ್ಯಪ್‌ನಿಂದ ಎಷ್ಟು ನೋಟಿಫಿಕೇಶನ್ ಬಂದಿದೆ ಅನ್ನುವುದನ್ನು. ಐಫೋನು ಇದ್ದವರಿಗೆ ಇನ್ನೂ ಒಂದು ಉಪಯೋಗದ ಮಾಹಿತಿ ಸಿಗುತ್ತದೆ: ಫೋನು ಎತ್ತಿಕೊಂಡ ಕೂಡಲೇ ಮೊದಲು ತೆರೆದ ಆ್ಯಪ್ ಯಾವುದು ಅಂತ. ಅಲ್ಲಿ ಬ್ಯಾಂಕು, ಮ್ಯಾಪು, ಕರೆ ಇದ್ದರೆ ಒಂದು ಕಥೆ. ಮೊದಲ ಮೂರೂ ಜಾಗದಲ್ಲಿ ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್, ಯೂಟ್ಯೂಬ್ ಇದ್ದರೆ ಬೇರೆ ಕಥೆ.

ಮೂರನೆಯದು: ಅಗತ್ಯಗಳಿಗೆ ಫೋನಿನ ಹೊರಗೂ ಒಂದು ದಾರಿ ಇಡಿ

ಇದನ್ನು ಯಾರೂ ಹೇಳುವುದಿಲ್ಲ. ಎಲ್ಲರೂ ನೇರ ರೀಲ್ಸ್ ಡಿಲೀಟ್ ಮಾಡಿ ಅನ್ನುತ್ತಾರೆ. ಆದರೆ ಕೈ ಫೋನಿಗೆ ಹೋಗುವ ಸಲಗಳು ಜಾಸ್ತಿ ಇದ್ದಷ್ಟೂ ಬಾಲ ಬೆಳೆಯುವ ಅವಕಾಶವೂ ಜಾಸ್ತಿ. ಹಾಗಾಗಿ ಮೊದಲು ಅಗತ್ಯವನ್ನೇ ಸ್ವಲ್ಪ ಹಗುರ ಮಾಡಿಕೊಳ್ಳಿ.

ಅತಿ ಸುಲಭದ್ದು ಅಲಾರಂ. ಒಂದು ಅಲಾರಂ ಗಡಿಯಾರ ತಂದುಬಿಡಿ. ಬೆಳಗ್ಗೆ ಕಣ್ಣುಬಿಟ್ಟ ಕೂಡಲೇ ಅಲಾರಂ ನಿಲ್ಲಿಸಲು ಫೋನು ಹಿಡಿಯುವುದು ತಪ್ಪುತ್ತದೆ. ಸಮಯ ನೋಡಲು ಕೈಗಡಿಯಾರ. ಸುಮ್ನೆ ಗಂಟೆ ಎಷ್ಟಾಯಿತು ಅಂತ ಫೋನು ತೆಗೆದು, ಗಂಟೆ ನೋಡದೆ ವಾಪಸ್ ಇಟ್ಟವರು ಎಷ್ಟು ಜನ ಇಲ್ಲ ಹೇಳಿ. ಬೆಂಗಳೂರಿನಲ್ಲಿ ದಿನಾ ಮೆಟ್ರೋ ಹತ್ತುವವರು ಕ್ಯೂಆರ್ ಟಿಕೆಟ್ ಬಿಟ್ಟು ಕಾರ್ಡ್ ಮಾಡಿಸಿಕೊಳ್ಳಿ. ಗೇಟಿನ ಮುಂದೆ ಫೋನು ಹುಡುಕುವ ಗಡಿಬಿಡಿಯೂ ಇಲ್ಲ.

ದುಡ್ಡಿನ ವಿಷಯಕ್ಕೆ ಬರೋಣ. ಯುಪಿಐ ಬಂದದ್ದು 2016ರಲ್ಲಿ. ಈಗ ಅದಿಲ್ಲದೆ ಒಂದು ಕಾಫಿ ಕುಡಿಯುವುದೂ ಕಷ್ಟ ಅನ್ನಿಸುತ್ತದೆ. ಆದರೆ 2025ರ ಜುಲೈನಲ್ಲಿ ಏನಾಯಿತು ನೆನಪಿದೆಯಾ? ಯುಪಿಐ ವಹಿವಾಟಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆಯಿಂದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಹೋಯಿತು, ಬೆಂಗಳೂರಿನ ಎಷ್ಟೋ ಅಂಗಡಿಯವರು ಕ್ಯೂಆರ್ ಚೀಟಿ ಕಿತ್ತು "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅಂತ ಬೋರ್ಡ್ ಹಾಕಿದರು. ಅನಿವಾರ್ಯ ಅಂದುಕೊಂಡದ್ದು ರಾತ್ರಿ ಬೆಳಗಾಗುವುದರಲ್ಲಿ ಬದಲಾಯಿತು, ಮತ್ತು ಜೇಬಿನಲ್ಲಿ ನೋಟು ಇದ್ದವರು ಮಾಮೂಲಿನಂತೆ ಕಾಫಿ ಕುಡಿದು ಹೋದರು. ಒಂದಷ್ಟು ಚಿಲ್ಲರೆ ಇಟ್ಟುಕೊಳ್ಳಿ. ಅಂಗಡಿ ನಡೆಸುವವರಾದರೆ ದುಡ್ಡು ಬಂತು ಅಂತ ಕೂಗಿ ಹೇಳುವ ಸೌಂಡ್‌ಬಾಕ್ಸ್ ಇಟ್ಟುಕೊಳ್ಳಿ. ಪ್ರತಿ ಗಿರಾಕಿಗೂ ಫೋನು ತೆಗೆದು ಮೆಸೇಜ್ ನೋಡುವುದು ತಪ್ಪುತ್ತದೆ. ನನ್ನ ಪ್ರಕಾರ ಈ ಹತ್ತು ವರ್ಷದಲ್ಲಿ ಬಂದ ಅತಿ ಜಾಣ ವಸ್ತು ಅದು, ಯಾಕೆಂದರೆ ಕೆಲಸ ಮಾಡಿಕೊಡುತ್ತದೆ, ಕಣ್ಣು ಕೇಳುವುದಿಲ್ಲ.

ಮನೆಯ ಹಿರಿಯರಿಗೆ ಯುಪಿಐಗೋಸ್ಕರ ಮಾತ್ರ ಸ್ಮಾರ್ಟ್‌ಫೋನು ಕೊಡಿಸುತ್ತಿದ್ದೀರಾ? 2022ರಲ್ಲಿ ರಿಸರ್ವ್ ಬ್ಯಾಂಕ್ ಶುರು ಮಾಡಿದ ಯುಪಿಐ 123ಪೇ ಕೀಪ್ಯಾಡ್ ಫೋನಿನಲ್ಲೂ ನಡೆಯುತ್ತದೆ, ಅದಕ್ಕಿಂತ ಹಳೆಯ *99# ಸೇವೆಯೂ ಇದೆ. ಅವರ ಬ್ಯಾಂಕಿನಲ್ಲಿ ಹೇಗೆ ಅಂತ ಒಮ್ಮೆ ಕೇಳಿ ಬನ್ನಿ. ಹಾಗೇ ಐದಾರು ಮುಖ್ಯ ನಂಬರುಗಳನ್ನು ಒಂದು ಡೈರಿಯಲ್ಲಿ ಬರೆದಿಡಿ. ಬ್ಯಾಟರಿ ಸತ್ತಾಗ ಹೆಂಡತಿಯ ನಂಬರೂ ಬಾಯಿಗೆ ಬಾರದ ಸ್ಥಿತಿ ನಮ್ಮಲ್ಲಿ ಹೆಚ್ಚಿನವರದು.

ನಾಲ್ಕನೆಯದು: ಎಳೆಯುವ ವಸ್ತುಗಳನ್ನು ದೂರ ಇಡಿ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ, ಕೆಲಸ ಇರುವುದೇ ಇಲ್ಲಿ.

ಮೊದಲು ಇದು ನಿಮ್ಮ ಮನಸ್ಸಿನ ದೌರ್ಬಲ್ಯ ಅಂತ ಬೈದುಕೊಳ್ಳುವುದು ಬಿಡಿ. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಕಳೆದ ಶತಮಾನದಲ್ಲೇ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ಒಂದು ವಿಷಯ ತೋರಿಸಿದ್ದ. ಗುಂಡಿ ಕುಕ್ಕಿದಾಗ ಕಾಳು ಯಾವಾಗ ಬೀಳುತ್ತದೆ ಅಂತ ಗೊತ್ತಿಲ್ಲದೆ ಇದ್ದರೆ ಹಕ್ಕಿ ಬಿಡದೆ ಕುಕ್ಕುತ್ತಲೇ ಇರುತ್ತದೆ. ಮುಂದಿನ ರೀಲ್ ಚೆನ್ನಾಗಿರಬಹುದು, ಇಲ್ಲದೆಯೂ ಇರಬಹುದು. ಅದಕ್ಕೇ ಬೆರಳು ನಿಲ್ಲುವುದಿಲ್ಲ. ಪುಟ ಮುಗಿಯದೆ ಕೆಳಗೆ ಬರುತ್ತಲೇ ಇರುವ ವ್ಯವಸ್ಥೆಯನ್ನು 2006ರಲ್ಲಿ ರೂಪಿಸಿದ ಅಜಾ ರಾಸ್ಕಿನ್ ಕೂಡ ಆಮೇಲೆ ಅದರ ಬಗ್ಗೆ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟಿದ್ದಾರೆ. ಪತ್ರಿಕೆಗೆ ಕೊನೆಯ ಪುಟ ಇತ್ತು. ಇದಕ್ಕೆ ಇಲ್ಲ. ಹಾಗಾಗಿ ಕೊನೆಯನ್ನು ನೀವೇ ಹಾಕಬೇಕು.

ನೋಟಿಫಿಕೇಶನ್‌ನಿಂದ ಶುರು ಮಾಡಿ. ನಿಯಮ ಒಂದೇ: ಮನುಷ್ಯರು ನಿಮಗೇ ಅಂತ ಕಳಿಸಿದ್ದು ಇರಲಿ, ಯಂತ್ರ ಕಳಿಸಿದ್ದು ಹೋಗಲಿ. ಕರೆ, ಎಸ್‌ಎಂಎಸ್, ಬ್ಯಾಂಕು ಇರಲಿ. "ಇಂದು ಶೇಕಡಾ 60 ರಿಯಾಯಿತಿ", "ನಿಮ್ಮ ಗೆಳೆಯರು ಏನೋ ಹಂಚಿಕೊಂಡಿದ್ದಾರೆ" ಇವೆಲ್ಲ ಆಫ್. ಒಂದೊಂದೇ ಆ್ಯಪ್ ಹುಡುಕಿಕೊಂಡು ಹೋಗುವ ಬದಲು, ನೋಟಿಫಿಕೇಶನ್ ಬಂದಾಗ ಅದನ್ನು ಒತ್ತಿ ಹಿಡಿದು ಅಲ್ಲೇ ಆಫ್ ಮಾಡುತ್ತಾ ಬನ್ನಿ. ಒಂದು ವಾರದಲ್ಲಿ ಫೋನು ಎಷ್ಟು ಮೌನವಾಗುತ್ತದೆ ಅಂದರೆ ಕೆಟ್ಟುಹೋಯಿತಾ ಅಂತ ಅನುಮಾನ ಬರುತ್ತದೆ.

ವಾಟ್ಸ್‌ಆ್ಯಪ್ ಸ್ವಲ್ಪ ಕಷ್ಟ. ಅಲ್ಲಿ ಆಫೀಸು, ಶಾಲೆ, ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕರ್, ಗುಡ್ ಮಾರ್ನಿಂಗ್ ಹೂವು ಎಲ್ಲ ಒಂದೇ ಸಾಲಿನಲ್ಲಿ ಇರುತ್ತವೆ. ಆಫೀಸಿನ ಒಂದು, ಶಾಲೆಯ ಒಂದು ಗುಂಪು ಬಿಟ್ಟು ಉಳಿದದ್ದನ್ನು "ಆಲ್‌ವೇಸ್" ಅಂತ ಮ್ಯೂಟ್ ಮಾಡಿ ಆರ್ಕೈವ್‌ಗೆ ಕಳಿಸಿ. ದಿನಕ್ಕೊಂದು ಸಲ ಹೋಗಿ ನೋಡಿದರೆ ಸಾಕು. ಗುಂಪು ಬಿಟ್ಟು ಹೊರಟರೆ ಈಗ ಅಡ್ಮಿನ್‌ಗೆ ಮಾತ್ರ ಸೂಚನೆ ಹೋಗುತ್ತದೆ. ಆದರೆ ನೆಂಟರ ಗುಂಪಿನಲ್ಲಿ ಅಡ್ಮಿನ್ ಯಾವಾಗಲೂ ದೊಡ್ಡಪ್ಪನೇ ಆಗಿರುತ್ತಾರೆ, ಅವರಿಗೆ ಗೊತ್ತಾದರೆ ಮುಂದಿನ ಗೃಹಪ್ರವೇಶದಲ್ಲಿ ಎಲ್ಲರಿಗೂ ಗೊತ್ತಾದ ಹಾಗೆಯೇ. ಅಂಥ ಕಡೆ ಮ್ಯೂಟೇ ಕ್ಷೇಮ.

ಯೂಟ್ಯೂಬ್‌ಗೆ ಒಂದು ಒಳ್ಳೆಯ ಉಪಾಯ ಇದೆ. ವಾಚ್ ಹಿಸ್ಟರಿ ಆಫ್ ಮಾಡಿ, ಹಳೆಯದನ್ನು ಅಳಿಸಿ. ಆಮೇಲೆ ಆ್ಯಪ್ ತೆರೆದರೆ ಮೊದಲ ಪುಟ ಖಾಲಿ ಕಾಣುತ್ತದೆ, ಏನೂ ಬಡಿಸಿರುವುದಿಲ್ಲ. ನಿಮಗೆ ಬೇಕಾದದ್ದನ್ನು ಹುಡುಕಿ ನೋಡಬಹುದು. ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವುದು ಹೇಗೆ ಅಂತ ಹುಡುಕಿದರೆ ಅದೇ ಸಿಗುತ್ತದೆ. ಅದು ಮುಗಿದ ಮೇಲೆ ಬಿಗ್ ಬಾಸ್ ಜಗಳಕ್ಕೆ ಜಾರುವ ದಾರಿ ಪೂರ್ತಿ ಮುಚ್ಚುವುದಿಲ್ಲ, ಆದರೆ ಕಿರಿದಾಗುತ್ತದೆ.

ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಬಿಡಲು ಆಗದಿದ್ದರೆ ಆ್ಯಪ್ ತೆಗೆದು ಬ್ರೌಸರ್‌ನಲ್ಲಿ ನೋಡಿ. ಪ್ರತಿ ಸಲ ಲಾಗೌಟ್ ಆಗಿ. ಪಾಸ್‌ವರ್ಡ್ ಸೇವ್ ಮಾಡಬೇಡಿ. ಖಾತೆ ಹೋಗುವುದಿಲ್ಲ, ಗೆಳೆಯರು ಹೋಗುವುದಿಲ್ಲ, ಆದರೆ ಪ್ರತಿ ಸಲ ಅಷ್ಟುದ್ದ ಪಾಸ್‌ವರ್ಡ್ ಹೊಡೆಯುವಾಗ "ಈಗ ಇದು ಬೇಕಾ" ಅಂತ ಒಂದು ಯೋಚನೆ ಬರುತ್ತದೆ. ಆ್ಯಪ್ ಟೈಮರ್ ಹಾಕುವುದಕ್ಕಿಂತ ಇದು ಎಷ್ಟೋ ವಾಸಿ. ಟೈಮರ್ ಮುಗಿದ ಕೂಡಲೇ ಇನ್ನು ಹದಿನೈದು ನಿಮಿಷ ಅಂತ ನಮಗೆ ನಾವೇ ಸಾಲ ಕೊಟ್ಟುಕೊಳ್ಳುತ್ತೇವೆ. ಟೈಮರೇ ಬೇಕು ಅನ್ನುವವರು ಐಫೋನಿನಲ್ಲಿ ಸ್ಕ್ರೀನ್ ಟೈಮ್ ಪಾಸ್‌ಕೋಡನ್ನು ಮನೆಯವರ ಕೈಲಿ ಹಾಕಿಸಿ, ನಿಮಗೆ ಗೊತ್ತಾಗದ ಹಾಗೆ.

ಇನ್ನು ಡೇಟಾ ಪ್ಯಾಕ್. 2016ರಲ್ಲಿ ಜಿಯೋ ಬರುವ ಮೊದಲು ತಿಂಗಳಿಗೆ ಒಂದು ಜಿಬಿ ಹಾಕಿಸಿ ಎಣಿಸಿ ಎಣಿಸಿ ಬಳಸುತ್ತಿದ್ದೆವು. ಈಗ ದಿನಕ್ಕೆ ಒಂದೂವರೆ, ಎರಡು ಜಿಬಿ, ಉಳಿದದ್ದು ರಾತ್ರಿ ಹನ್ನೆರಡಕ್ಕೆ ಹೋಗುತ್ತದೆ. ಹೋಗುತ್ತದಲ್ಲ ಅಂತ ಹನ್ನೊಂದೂವರೆಗೆ ಕೂತು ಖಾಲಿ ಮಾಡುವವರಿದ್ದಾರೆ. ಅನ್ನ ಬಿಸಾಡಬಾರದು ಅಂತ ಬೆಳೆದ ಜನ ನಾವು, ಡೇಟಾ ಬಿಸಾಡಲೂ ಮನಸ್ಸು ಬರುವುದಿಲ್ಲ. ನಿಮ್ಮದೂ ಇದೇ ಕಥೆಯಾಗಿದ್ದರೆ, ಮನೆಯಲ್ಲಿ ವೈಫೈ ಇದ್ದರೆ, ದಿನದ ಲೆಕ್ಕದ ಪ್ಯಾಕ್ ಬಿಟ್ಟು ಪೂರ್ತಿ ಅವಧಿಗೆ ಒಟ್ಟು ಇಷ್ಟು ಜಿಬಿ ಅಂತ ಕೊಡುವ ಪ್ಯಾಕ್ ಹುಡುಕಿ. ಉಳಿಸಿದರೆ ನಾಳೆಗೆ ಸಿಗುತ್ತದೆ ಅನ್ನುವಾಗ ಕೈ ತಾನಾಗಿ ಬಿಗಿಯಾಗುತ್ತದೆ.

ಐದನೆಯದು: ಫೋನಿಗೆ ಒಂದು ಜಾಗ ಕೊಡಿ

ಹಿಂದೆ ಲ್ಯಾಂಡ್‌ಲೈನ್ ಇದ್ದಾಗ ಅದಕ್ಕೊಂದು ಸ್ಟೂಲು ಇತ್ತು, ಮೇಲೊಂದು ಕಸೂತಿ ಬಟ್ಟೆ. ಕರೆ ಬಂದರೆ ನಾವೇ ಅಲ್ಲಿಗೆ ಹೋಗುತ್ತಿದ್ದೆವು. ಮನೆಗೆ ಬಂದ ಮೇಲೆ ಸ್ಮಾರ್ಟ್‌ಫೋನಿಗೂ ಹಾಗೇ ಒಂದು ಜಾಗ ಮಾಡಿ, ಚಾರ್ಜರನ್ನೂ ಅಲ್ಲೇ ಸಿಕ್ಕಿಸಿ. ಮಲಗುವ ಕೋಣೆಯಲ್ಲಿ ಚಾರ್ಜರ್ ಇಟ್ಟುಕೊಂಡು ರಾತ್ರಿ ಫೋನು ನೋಡುವುದಿಲ್ಲ ಅನ್ನುವುದು ಆಗದ ಮಾತು.

ಟೆಕ್ಸಾಸ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಫೋನನ್ನು ಬೇರೆ ಕೋಣೆಯಲ್ಲಿ ಇಟ್ಟು ಬಂದವರು ಮೇಜಿನ ಮೇಲೆ ಇಟ್ಟುಕೊಂಡವರಿಗಿಂತ ಗಮನ ಬೇಡುವ ಪರೀಕ್ಷೆಗಳನ್ನು ಚೆನ್ನಾಗಿ ಮಾಡಿದರು. ಆಮೇಲೆ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಎಲ್ಲ ಕಡೆ ಅದೇ ಫಲ ಬರಲಿಲ್ಲ, ಹಾಗಾಗಿ ಅದನ್ನು ವೇದವಾಕ್ಯ ಮಾಡಿಕೊಳ್ಳಬೇಡಿ. ಆದರೆ ಫೋನು ಬೇರೆ ಕೋಣೆಯಲ್ಲಿ ಇದ್ದರೆ ಎದ್ದು ಹೋಗಲು ಸೋಮಾರಿತನ ಬರುತ್ತದೆ ಅನ್ನುವುದಕ್ಕೆ ಯಾವ ಪ್ರಯೋಗವೂ ಬೇಡ. ಆ ಸೋಮಾರಿತನವನ್ನೇ ಬಳಸಿಕೊಳ್ಳಿ.

"ರಾತ್ರಿ ಊರಿಂದ ಅಮ್ಮನ ಕರೆ ಬಂದರೆ?" ಅನ್ನುವ ಭಯ ನ್ಯಾಯವಾದದ್ದೇ. ಡು ನಾಟ್ ಡಿಸ್ಟರ್ಬ್ ಹಾಕುವಾಗ ಆಯ್ದ ಕೆಲವರ ಕರೆಗೆ ಮಾತ್ರ ಸದ್ದು ಮಾಡು ಅಂತ ಇಡಬಹುದು. ಒಬ್ಬರೇ ಸ್ವಲ್ಪ ಹೊತ್ತಿನಲ್ಲೇ ಎರಡನೇ ಸಲ ಕರೆ ಮಾಡಿದರೆ ಸದ್ದು ಮಾಡು ಅಂತಲೂ ಇಡಬಹುದು. ಇದನ್ನು ಮನೆಯವರಿಗೆ ಹೇಳಿಡಿ: ತುರ್ತಾದರೆ ಎರಡು ಸಲ ಮಾಡಿ ಅಂತ. ರಾತ್ರಿ ಹೊತ್ತು ಪರದೆ ಕಪ್ಪುಬಿಳುಪಾಗುವ ವ್ಯವಸ್ಥೆ ಆಂಡ್ರಾಯ್ಡ್‌ನ ಬೆಡ್‌ಟೈಮ್ ಮೋಡ್‌ನಲ್ಲಿದೆ. ಕಪ್ಪುಬಿಳುಪಿನ ರೀಲ್ಸ್ ನೋಡಿ ಯಾರಿಗೂ ಮಜಾ ಬರುವುದಿಲ್ಲ.

ಮಕ್ಕಳ ವಿಷಯ

ಇದಕ್ಕೆ ಬೇರೆ ಲೇಖನವೇ ಬೇಕು, ಒಂದು ಮಾತು ಮಾತ್ರ ಹೇಳುತ್ತೇನೆ. ಬೆಳಗಾವಿಯ ಪಕ್ಕದ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ್ ಅಂತ ಒಂದು ಹಳ್ಳಿ ಇದೆ. ಅಲ್ಲಿ 2022ರಲ್ಲಿ ಊರವರೆಲ್ಲ ಸೇರಿ ಒಂದು ನಿಯಮ ಮಾಡಿಕೊಂಡರು. ಸಂಜೆ ಏಳಕ್ಕೆ ದೇವಸ್ಥಾನದ ಸೈರನ್ ಕೂಗಿದರೆ ಟಿವಿ, ಮೊಬೈಲ್ ಬಂದ್. ಎಂಟೂವರೆಗೆ ಮತ್ತೆ ಕೂಗಿದ ಮೇಲೆ ತೆಗೆಯಬಹುದು. ಆ ಒಂದೂವರೆ ಗಂಟೆ ಓದು, ಮಾತು. ಅಲ್ಲಿ ಗಮನಿಸಬೇಕಾದದ್ದು ಸೈರನ್ ಅಲ್ಲ, ಅದು ದೊಡ್ಡವರಿಗೂ ಕೂಗುತ್ತದೆ ಅನ್ನುವುದು. ತಾವು ಸೋಫಾದಲ್ಲಿ ಷೇರು ಮಾರುಕಟ್ಟೆ ನೋಡುತ್ತಾ ಮಗಳಿಗೆ "ಫೋನ್ ಇಡು" ಅಂದರೆ ಅವಳು ಯಾಕೆ ಇಡಬೇಕು? ನಿಮ್ಮ ಮನೆಗೂ ಒಂದು ಹೊತ್ತು ಗೊತ್ತು ಮಾಡಿ, ಅಜ್ಜನಿಂದ ಹಿಡಿದು ಎಲ್ಲರ ಫೋನೂ ಆ ಸ್ಟೂಲಿನ ಮೇಲೆ ಹೋಗಲಿ. ಅಂದ ಹಾಗೆ ಈಚೆಗೆ ಅಜ್ಜಂದಿರೇ ಹೆಚ್ಚು ತಕರಾರು ಮಾಡುತ್ತಾರೆ, ಅದಕ್ಕೂ ತಯಾರಾಗಿರಿ.

ಇಷ್ಟೆಲ್ಲ ಮಾಡಿಯೂ ಆಗದಿದ್ದರೆ

ಎರಡು ಮೂರು ವಾರ ಮಾಡಿ ನೋಡಿ. ನಡುವೆ ತೆಗೆದ ಆ್ಯಪ್ ಮತ್ತೆ ಹಾಕಿಕೊಂಡರೆ ಮತ್ತೆ ತೆಗೆಯಿರಿ, ಅದೇನೂ ವ್ರತಭಂಗವಲ್ಲ. ಎರಡನೇ ಸಲ ಚೀಟಿ ಬರೆದಾಗ ಬಾಲ ಗಿಡ್ಡವಾಗಿದ್ದರೆ ಸರಿಯಾದ ದಾರಿಯಲ್ಲಿದ್ದೀರಿ.

ಕೆಲವರಿಗೆ ಇದು ಸೆಟ್ಟಿಂಗ್ಸ್ ಬದಲಿಸಿದರೆ ಹೋಗುವಂಥದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ "ಫೋನಿನ ಚಟ" ಅಂತ ಒಂದು ಕಾಯಿಲೆಯನ್ನು ತನ್ನ ಪಟ್ಟಿಯಲ್ಲಿ ಸೇರಿಸಿಲ್ಲ. ಸೇರಿಸಿರುವುದು ಆಟದ ಗೀಳನ್ನು, ಅಂದರೆ ಗೇಮಿಂಗ್ ಡಿಸಾರ್ಡರ್. 2022ರ ಜನವರಿಯಿಂದ ಜಾರಿಯಲ್ಲಿರುವ ಆ ಪಟ್ಟಿ ಅದಕ್ಕೆ ಹೇಳುವ ಗುರುತುಗಳು ಬೇರೆ ಕಡೆಯೂ ನೋಡಿಕೊಳ್ಳಲು ಉಪಯೋಗಕ್ಕೆ ಬರುತ್ತವೆ. ನಿಲ್ಲಿಸಬೇಕು ಅಂದರೂ ನಿಲ್ಲಿಸಲು ಆಗುವುದಿಲ್ಲ. ಊಟ, ನಿದ್ದೆ, ಓದು, ಕೆಲಸ ಎಲ್ಲದಕ್ಕಿಂತ ಅದೇ ಮುಂದೆ. ಹಾನಿ ಆಗುತ್ತಿರುವುದು ಕಣ್ಣಿಗೆ ಕಂಡರೂ ಮುಂದುವರಿಯುತ್ತದೆ. ಇದು ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಇದ್ದರೆ ವೈದ್ಯರು ಕಾಯಿಲೆ ಅನ್ನುತ್ತಾರೆ. ನೀವು ಅಲ್ಲಿಯವರೆಗೆ ಕಾಯಬೇಕು ಅಂತೇನಿಲ್ಲ. ಆನ್‌ಲೈನ್ ಆಟದಲ್ಲಿ ದುಡ್ಡು ಹೋಗುತ್ತಿದ್ದರೆ, ಮಗ ಶಾಲೆ ಬಿಟ್ಟು ಕೂತಿದ್ದರೆ, ಫೋನು ಕಿತ್ತುಕೊಂಡಾಗ ಕೈ ಮಾಡುವ ಹಂತಕ್ಕೆ ಹೋಗಿದ್ದರೆ ಇವತ್ತೇ ಕೇಳಿ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ಶಟ್ ಕ್ಲಿನಿಕ್ ನಡೆಯುತ್ತಿದೆ. ಅಲ್ಲಿ ಫೋನು ಬಿಡಿಸುವುದಲ್ಲ, ಹದದಲ್ಲಿ ಬಳಸುವುದನ್ನು ಕಲಿಸುವುದು ಉದ್ದೇಶ. ಬೆಂಗಳೂರು ದೂರ ಅನ್ನುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಕೀಪ್ಯಾಡ್ ಫೋನಿನಿಂದಲೂ ಮಾಡಬಹುದು.